ಮಲಗಿದವರ ಕಣ್ಣಿಗೆ ಕಾಣುವ ಆಸ್ಪತ್ರೆ

ಹೊಸ ಆಸ್ಪತ್ರೆಯ ಉದ್ಘಾಟನೆಯ ಸುದ್ದಿಯಲ್ಲಿ ಎರಡು ಸಂಖ್ಯೆಗಳು ತಪ್ಪುವುದಿಲ್ಲ: ಎಷ್ಟು ಕೋಟಿ ರೂಪಾಯಿ, ಎಷ್ಟು ಹಾಸಿಗೆ. ಜೊತೆಗೊಂದು ಚಿತ್ರ, ರಸ್ತೆಯ ಕಡೆಯಿಂದ ತೆಗೆದದ್ದು. ಗಾಜಿನ ಮುಂಭಾಗ, ದೊಡ್ಡ ಪೋರ್ಟಿಕೊ, ಹೂವಿನ ಹಾರ ಕಟ್ಟಿದ ಬಾಗಿಲು. ಆ ಕಟ್ಟಡದಲ್ಲಿ ಮುಂದಿನ ಐವತ್ತು ವರ್ಷ ಮಲಗಲಿರುವ ಜನರ ಕಣ್ಣಿಗೆ ಏನು ಬೀಳುತ್ತದೆ, ಗಾಳಿ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ, ಮಗುವನ್ನು ಎತ್ತಿಕೊಂಡು ಬಂದ ತಾಯಿ ರಾತ್ರಿ ಎಲ್ಲಿ ಒರಗುತ್ತಾಳೆ ಎಂಬುದು ಸುದ್ದಿಯಲ್ಲಿ ಬರುವುದಿಲ್ಲ. ಬಹಳಷ್ಟು ಸಲ ನಕ್ಷೆಯಲ್ಲೂ ಇರುವುದಿಲ್ಲ.

ಕರ್ನಾಟಕದ ಮಟ್ಟಿಗೆ ಇದು ತುರ್ತಿನ ಮಾತು. ಎರಡು ದಶಕಗಳಿಂದ ಈಚೆಗೆ ಹಾಸನ, ಮಂಡ್ಯ, ರಾಯಚೂರು, ಬೀದರ್, ಶಿವಮೊಗ್ಗಗಳಲ್ಲಿ, ಆಮೇಲೆ ಗದಗ, ಕೊಪ್ಪಳ, ಕಾರವಾರ, ಮಡಿಕೇರಿ, ಚಾಮರಾಜನಗರ, ಕಲಬುರಗಿಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಬಂದವು. ಅವುಗಳ ಜೊತೆ ದೊಡ್ಡ ದೊಡ್ಡ ಬೋಧಕ ಆಸ್ಪತ್ರೆಗಳು ಎದ್ದವು, ಇನ್ನೂ ಏಳುತ್ತಿವೆ. ಜಿಲ್ಲೆಗೊಂದು ಕಾಲೇಜು ಎಂಬ ಗುರಿ ಒಳ್ಳೆಯದೇ. ಆದರೆ ಒಮ್ಮೆ ಕಟ್ಟಿದ ಆಸ್ಪತ್ರೆಯನ್ನು ಎರಡು ತಲೆಮಾರು ಬಳಸಬೇಕು. ವೈದ್ಯರನ್ನು ವರ್ಗ ಮಾಡಬಹುದು, ಯಂತ್ರವನ್ನು ಬದಲಿಸಬಹುದು. ಕಿಟಕಿ ಇಡದೆ ಬಿಟ್ಟ ಗೋಡೆಯನ್ನು ಒಡೆಸಿ ಕಿಟಕಿ ಇಡಿಸಿದ ಸರ್ಕಾರಿ ಆಸ್ಪತ್ರೆ ತೀರಾ ಅಪರೂಪ.

1920ರ ದಶಕದ ಕೊನೆಯಲ್ಲಿ ಫಿನ್ಲೆಂಡಿನ ಪೈಮಿಯೊ ಎಂಬಲ್ಲಿ, ಪೈನ್ ಮರಗಳ ಕಾಡಿನ ನಡುವೆ ಕ್ಷಯರೋಗಿಗಳ ಸ್ಯಾನಿಟೋರಿಯಂ ಕಟ್ಟುವ ಕೆಲಸ ಆಲ್ವಾರ್ ಆಲ್ಟೊ ಎಂಬ ತರುಣ ವಾಸ್ತುಶಿಲ್ಪಿಯ ಪಾಲಿಗೆ ಬಂತು. ಆಗಿನ್ನೂ ಕ್ಷಯಕ್ಕೆ ಔಷಧ ಇರಲಿಲ್ಲ. ವಿಶ್ರಾಂತಿ, ಬಿಸಿಲು, ಶುದ್ಧ ಗಾಳಿ, ಹೊಟ್ಟೆ ತುಂಬ ಊಟ, ಇಷ್ಟೇ ಚಿಕಿತ್ಸೆ. ರೋಗಿಗಳು ತಿಂಗಳುಗಟ್ಟಲೆ ಮಲಗಿಯೇ ಇರುತ್ತಿದ್ದರು. ಸಾಮಾನ್ಯ ಕೋಣೆಯನ್ನು ನಿಂತು ಓಡಾಡುವವರಿಗಾಗಿ ಕಟ್ಟುತ್ತಾರೆ, ಈ ಕೋಣೆಯನ್ನು ಮಲಗಿದವರಿಗಾಗಿ ಕಟ್ಟಬೇಕು ಎಂದು ಆಲ್ಟೊ ನಿರ್ಧರಿಸಿದರು. ಮಲಗಿದವರಿಗೆ ದಿನವಿಡೀ ಕಾಣುವುದು ಛಾವಣಿ. ಹಾಗಾಗಿ ಛಾವಣಿಗೆ ಕಣ್ಣಿಗೆ ತಂಪಾದ ಹಸಿರು ಬಳಿಸಿದರು. ದೀಪದ ಬೆಳಕು ನೇರ ಕಣ್ಣಿಗೆ ಹೊಡೆಯದಂತೆ ಜಾಗ ನೋಡಿ ಇರಿಸಿದರು. ಕೋಣೆಗೆ ಇಬ್ಬರು ರೋಗಿಗಳು. ಒಬ್ಬರು ರಾತ್ರಿ ಎದ್ದು ಕೈ ತೊಳೆದರೆ ಇನ್ನೊಬ್ಬರಿಗೆ ಎಚ್ಚರವಾಗದಂತೆ, ನೀರು ಸದ್ದಿಲ್ಲದೆ ಜಾರಿ ಇಳಿಯುವ ಕೋನದಲ್ಲಿ ಬೇಸಿನ್ನು ಮಾಡಿಸಿದರು. ವೈದ್ಯರ ಕೋಟಿನ ತೋಳು ಸಿಕ್ಕಿಕೊಳ್ಳದ ಹಾಗೆ ಬಾಗಿಲ ಹಿಡಿಕೆಯನ್ನು ಬಾಗಿಸಿದರು. ಉಸಿರಾಟ ಸಲೀಸಾಗಲೆಂದು ಬೆನ್ನನ್ನು ಹಿಂದಕ್ಕೆ ಒರಗಿಸಿಕೊಳ್ಳುವ ಮರದ ಕುರ್ಚಿಯನ್ನೂ ತಾವೇ ರೂಪಿಸಿದರು. 1933ರಲ್ಲಿ ಮುಗಿದ ಆ ಕಟ್ಟಡವನ್ನು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ.

ಆಲ್ಟೊ ಶುರು ಮಾಡಿದ ಜಾಗದಿಂದಲೇ ಇಲ್ಲಿನ ಆಸ್ಪತ್ರೆಗಳ ನಕ್ಷೆಯೂ ಶುರುವಾಗಬೇಕು: ಹಾಸಿಗೆಯ ಮೇಲೆ ಮಲಗಿದವರು, ಆ ಹಾಸಿಗೆಯ ಪಕ್ಕ ಕೂತವರು. ಈಗ ಅದು ಶುರುವಾಗುವುದು ಹಾಸಿಗೆಗೆ ಇಷ್ಟು ಚದರ ಮೀಟರ್, ಚದರ ಮೀಟರಿಗೆ ಇಷ್ಟು ರೂಪಾಯಿ ಎಂಬ ಗುಣಾಕಾರದಿಂದ.

ಕಿಟಕಿಯಿಂದ ಕಾಣುವ ನೋಟಕ್ಕೂ ರೋಗ ವಾಸಿಯಾಗುವುದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದು ಉತ್ತರ ಕೊಡುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ 1972ರಿಂದ 1981ರವರೆಗಿನ ದಾಖಲೆಗಳನ್ನು ಅವರು ತೆಗೆಸಿ ನೋಡಿದರು. ಒಂದೇ ಬಗೆಯ ಕೋಣೆಗಳು. ಕೆಲವು ಕಿಟಕಿಗಳಿಂದ ಮರಗಳು ಕಾಣುತ್ತಿದ್ದವು, ಉಳಿದವುಗಳಿಂದ ಕಂದು ಇಟ್ಟಿಗೆಯ ಗೋಡೆ. ವಯಸ್ಸು, ಲಿಂಗ, ತೂಕ ಮೊದಲಾದವನ್ನು ಹೊಂದಿಸಿ 23 ಜೋಡಿ ಮಾಡಿ ಹೋಲಿಸಿದಾಗ, ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋಗಿದ್ದರು, ಗೋಡೆ ಕಂಡವರು 8.70 ದಿನಕ್ಕೆ. ಮರ ಕಂಡವರಿಗೆ ಪ್ರಬಲ ನೋವು ನಿವಾರಕಗಳು ಕಡಿಮೆ ಸಾಕಾಗಿದ್ದವು. ದಾದಿಯರ ಟಿಪ್ಪಣಿಗಳಲ್ಲಿ ಅವರ ಅಳು, ಬೇಸರದ ಉಲ್ಲೇಖಗಳೂ ಕಡಿಮೆ ಇದ್ದವು. 46 ಜನರ ಅಧ್ಯಯನ ದೊಡ್ಡದೇನಲ್ಲ, ಅದೊಂದರಿಂದಲೇ ಕಾನೂನು ಮಾಡಲಾಗದು. ಆದರೂ ಆಸ್ಪತ್ರೆಯ ಗೋಡೆ, ಕಿಟಕಿಗಳನ್ನು ಔಷಧವನ್ನು ಅಳೆಯುವ ಹಾಗೆ ಅಳೆಯಬಹುದು ಎಂದು ತೋರಿಸಿಕೊಟ್ಟದ್ದು ಈ ಪುಟ್ಟ ಲೇಖನ.

ಗಾಳಿಯ ಕಥೆ ಇದಕ್ಕಿಂತ ಹಳೆಯದು, ಇದಕ್ಕಿಂತ ಗಟ್ಟಿಯಾದದ್ದು.

ಕ್ರಿಮಿಯಾ ಯುದ್ಧದ ಕಾಲಕ್ಕೆ ಸ್ಕುಟಾರಿಯ ಸೈನಿಕ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕಂಡದ್ದು ಗುಂಡೇಟಿಗಿಂತ ಕಾಯಿಲೆಗಳಿಗೇ ಹೆಚ್ಚು ಸೈನಿಕರು ಬಲಿಯಾಗುವುದನ್ನು. 1855ರಲ್ಲಿ ಬ್ರಿಟನ್ನಿನಿಂದ ಬಂದ ನೈರ್ಮಲ್ಯ ಆಯೋಗ ಕಟ್ಟಡದ ಅಡಿಯ ಚರಂಡಿಗಳನ್ನು ತೊಳೆಸಿ, ವಾರ್ಡುಗಳಿಗೆ ಗಾಳಿ ಬರುವಂತೆ ಮಾಡಿದ ಮೇಲೆ ಸಾವುಗಳು ಸರ್ರನೆ ಇಳಿದವು. ಊರಿಗೆ ಮರಳಿದ ನೈಟಿಂಗೇಲ್ 1859ರಲ್ಲಿ ಆಸ್ಪತ್ರೆಗಳ ಕಟ್ಟೋಣದ ಬಗ್ಗೆಯೇ ಪುಸ್ತಕ ಬರೆದರು. ಸುಮಾರು ಮೂವತ್ತು ಹಾಸಿಗೆಯ ಉದ್ದನೆಯ ವಾರ್ಡು, ಎತ್ತರದ ಛಾವಣಿ, ಎರಡೂ ಬದಿಗೆ ಎದುರುಬದುರು ಕಿಟಕಿ, ಕಿಟಕಿಗಳ ನಡುವೆ ಹಾಸಿಗೆ, ಒಂದೇ ಕಡೆ ಕೂತ ದಾದಿಗೆ ಎಲ್ಲರೂ ಕಾಣಬೇಕು. ದುರ್ಗಂಧದ ಗಾಳಿಯಿಂದಲೇ ರೋಗ ಬರುತ್ತದೆ ಎಂಬ ಅವರ ನಂಬಿಕೆ ತಪ್ಪು. ಅದರಿಂದ ಅವರು ತಲುಪಿದ ನಿರ್ಣಯ ಸರಿ. ಆ ಮಾದರಿ ಲಂಡನ್ನಿನಿಂದ ಬ್ರಿಟಿಷ್ ಆಳ್ವಿಕೆಯ ಊರೂರಿಗೂ ಹರಡಿತು. ಹಳೆಯ ಜಿಲ್ಲಾ ಆಸ್ಪತ್ರೆಗಳಲ್ಲಿ, 1900ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ಬೆಂಗಳೂರಿನ ವಿಕ್ಟೋರಿಯಾದಂಥ ಕಡೆಗಳಲ್ಲಿ ಎತ್ತರದ ಛಾವಣಿಗಳು, ಮೇಲುಗಡೆಯ ಗವಾಕ್ಷಿಗಳು, ಉದ್ದನೆಯ ವರಾಂಡಗಳು ಇರುವುದಕ್ಕೆ ಈ ಪರಂಪರೆ ಕಾರಣ.

ಕ್ಷಯ ಅರಮನೆಯನ್ನೂ ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ 1921ರಲ್ಲಿ ಮೈಸೂರಿನ ಹೊರವಲಯದಲ್ಲಿ ಎದ್ದ ಸ್ಯಾನಿಟೋರಿಯಂ, ಇಂದಿನ ಪಿಕೆಟಿಬಿ ಆಸ್ಪತ್ರೆ, ಬಯಲು ಮತ್ತು ಮರಗಳ ನಡುವೆ ಬಿಡಿಬಿಡಿ ಕಟ್ಟಡಗಳಾಗಿ ಹರಡಿಕೊಂಡದ್ದು ಇದೇ ತಿಳಿವಳಿಕೆಯಿಂದ. ಆಮೇಲೆ 1943ರಲ್ಲಿ ಸ್ಟ್ರೆಪ್ಟೋಮೈಸಿನ್ ಸಿಕ್ಕಿತು. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ, ಮನೆಯಲ್ಲೇ ಇದ್ದು ಮಾತ್ರೆ ನುಂಗಿದವರೂ ಸ್ಯಾನಿಟೋರಿಯಂ ಸೇರಿದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂದು 1959ರಲ್ಲಿ ಜಗತ್ತಿಗೆ ತೋರಿಸಿತು. ಬಡವರ ಪಾಲಿಗೆ ಅದು ದೊಡ್ಡ ವರ. ಜಗತ್ತಿನಾದ್ಯಂತ ಸ್ಯಾನಿಟೋರಿಯಂಗಳು ಖಾಲಿಯಾದವು. ಕ್ಷಯವನ್ನು ಗುಣಪಡಿಸಿದ್ದು ಮಾತ್ರೆ, ಬಿಸಿಲಲ್ಲ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಗೆಲುವಿನ ಭರದಲ್ಲಿ ಇನ್ನೊಂದು ಪಾಠವೂ ಕೈಬಿಟ್ಟುಹೋಯಿತು. ಗಾಳಿ ರೋಗವನ್ನು ಗುಣಪಡಿಸದಿದ್ದರೂ, ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದನ್ನು ತಡೆಯುತ್ತದೆ.

ಎಷ್ಟು ತಡೆಯುತ್ತದೆ ಎಂಬ ಲೆಕ್ಕ ಪೆರು ದೇಶದ ಲೀಮಾ ನಗರದಿಂದ ಬಂತು. ಅಲ್ಲಿನ ಎಂಟು ಆಸ್ಪತ್ರೆಗಳ 70 ಕೋಣೆಗಳಲ್ಲಿ ರಾಡ್ ಎಸ್ಕೋಂಬ್ ಮತ್ತು ಸಂಗಡಿಗರು ಇಂಗಾಲದ ಡೈಆಕ್ಸೈಡ್ ಬಿಟ್ಟು, ಅದು ಎಷ್ಟು ಬೇಗ ಕರಗುತ್ತದೆ ಎಂದು ಅಳೆದು 2007ರಲ್ಲಿ ಪ್ರಕಟಿಸಿದರು. ಕೋಣೆಯ ಅಷ್ಟೂ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ ಎಂಬುದೇ ಅಳತೆ. ಸೋಂಕಿನ ಅಪಾಯ ಹೆಚ್ಚಿರುವ ಕೋಣೆಗಳಿಗೆ ಯಂತ್ರದಿಂದ ಗಾಳಿ ಹಾಯಿಸುವಾಗ ಹೇಳುವ ಗುಣಮಟ್ಟ ಗಂಟೆಗೆ 12 ಸಲ. ಬಾಗಿಲು ಕಿಟಕಿ ತೆರೆದಿಟ್ಟ ಸಾದಾ ಕೋಣೆಗಳಲ್ಲಿ 28 ಸಲ ಬದಲಾಗುತ್ತಿತ್ತು. ಇನ್ನೂ ಕುತೂಹಲದ ಅಂಶ ಮುಂದಿದೆ. 1950ಕ್ಕಿಂತ ಹಿಂದೆ ಕಟ್ಟಿದ, ಎತ್ತರದ ಛಾವಣಿಯ, ದೊಡ್ಡ ಕಿಟಕಿಗಳ ಹಳೇ ವಾರ್ಡುಗಳಲ್ಲಿ 40 ಸಲ. 1970ರ ನಂತರದ ‘ಆಧುನಿಕ’ ಕೋಣೆಗಳಲ್ಲಿ ಕಿಟಕಿ ತೆರೆದರೂ 17 ಸಲ. ಚಿಕಿತ್ಸೆ ಸಿಗದ ಕ್ಷಯರೋಗಿಗಳ ಜೊತೆ ಒಂದು ದಿನ ಕಳೆದರೆ ಸೋಂಕು ತಗಲುವ ಸಂಭವವನ್ನು ಗಣಿತದಿಂದ ಅಂದಾಜು ಮಾಡಿದಾಗ ಯಂತ್ರದ ಗಾಳಿಯ ಕೋಣೆಯಲ್ಲಿ ಶೇ 39, ಆಧುನಿಕ ಕೋಣೆಯಲ್ಲಿ ಶೇ 33, ಹಳೇ ವಾರ್ಡಿನಲ್ಲಿ ಶೇ 11. ಕೆಡವಲು ಪಟ್ಟಿ ಮಾಡಿಟ್ಟಿರುವ ಹಳೆಯ ವಾರ್ಡುಗಳ ಮುಂದೆ ನಿಂತು ಎಂಜಿನಿಯರುಗಳು ಓದಬೇಕಾದ ಅಂಕಿಗಳು ಇವು.

ಗಾಳಿಯಾಡದ ಆಸ್ಪತ್ರೆ ಎಂಥ ಅನಾಹುತ ತರಬಲ್ಲದು ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಟುಗೆಲಾ ಫೆರ್ರಿ ಸಾಕ್ಷಿ. ಅಲ್ಲಿ ಬಹುತೇಕ ಔಷಧಗಳಿಗೆ ಬಗ್ಗದ ಕ್ಷಯ ತಗಲಿದ 53 ಜನರಲ್ಲಿ 52 ಮಂದಿ ಸತ್ತರು ಎಂದು 2006ರಲ್ಲಿ ವರದಿಯಾಯಿತು. ಎಚ್‌ಐವಿಯಿಂದ ಅವರಲ್ಲಿ ಬಹುಪಾಲು ಜನರ ಮೈ ಮೊದಲೇ ಸೋತಿತ್ತು. ಅನೇಕರು ಅದಕ್ಕೂ ಮುಂಚೆ ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಿದ್ದವರು. ರೋಗ ಅಲ್ಲೇ ಹತ್ತಿರಬಹುದೆಂಬ ಶಂಕೆ ಬಲವಾಗಿತ್ತು. ಗುಣವಾಗಲು ಹೋದ ಮನೆಯೇ ರೋಗ ಹಂಚಿದಂತಿತ್ತು.

ಅದೇ ಆಫ್ರಿಕಾ ಖಂಡದ ರುವಾಂಡಾದಲ್ಲಿ, ಬುಟಾರೊ ಎಂಬ ಗುಡ್ಡದ ಮೇಲೆ 2011ರಲ್ಲಿ ತೆರೆದ ಆಸ್ಪತ್ರೆ ಇದಕ್ಕೆ ಕೊಟ್ಟ ಉತ್ತರದಂತಿದೆ. ವೈದ್ಯ ಪಾಲ್ ಫಾರ್ಮರ್ ಅವರ ‘ಪಾರ್ಟ್‌ನರ್ಸ್ ಇನ್ ಹೆಲ್ತ್’ ಸಂಸ್ಥೆ ಮತ್ತು ರುವಾಂಡಾ ಸರ್ಕಾರಕ್ಕಾಗಿ ‘ಮಾಸ್ ಡಿಸೈನ್ ಗ್ರೂಪ್’ ಎಂಬ ಎಳೆಯ ವಾಸ್ತುಶಿಲ್ಪಿಗಳ ತಂಡ ಇದನ್ನು ರೂಪಿಸಿತು. ಕೆಮ್ಮುವವರು, ಗರ್ಭಿಣಿಯರು, ಮಕ್ಕಳು ಒತ್ತೊತ್ತಾಗಿ ಕಾಯುವ ಒಳಗಿನ ಕಾರಿಡಾರನ್ನೇ ತಂಡ ತೆಗೆದುಹಾಕಿತು. ಓಡಾಟವೆಲ್ಲ ಹೊರಗಿನ ಜಗಲಿಯಲ್ಲಿ, ಕಾಯುವುದೂ ತೆರೆದ ಗಾಳಿಯಲ್ಲಿ. ವಾರ್ಡಿನ ನಡುವೆ ಒಂದು ಗಿಡ್ಡ ಗೋಡೆ ಎಬ್ಬಿಸಿ, ಹಾಸಿಗೆಗಳ ತಲೆಯನ್ನು ಅದಕ್ಕೆ ತಾಗಿಸಿದರು. ಹಾಗಾಗಿ ಪ್ರತಿ ರೋಗಿಯ ಮುಖ ಎದುರು ಹಾಸಿಗೆಯ ಬದಲು ಕಿಟಕಿಯ ಕಡೆ, ಆಚೆಯ ಕಣಿವೆಯ ಕಡೆ ತಿರುಗಿತು. ಆಮ್ಲಜನಕದ ಕೊಳವೆ, ವಿದ್ಯುತ್ತಿನ ತಂತಿಗಳೆಲ್ಲ ಆ ಗಿಡ್ಡ ಗೋಡೆಯೊಳಗೇ ಸಾಗಿದವು. ಮೇಲೆ ದೊಡ್ಡ ಅಗಲದ, ನಿಧಾನ ತಿರುಗುವ ಫ್ಯಾನುಗಳು, ಎತ್ತರದಲ್ಲಿ ಬಿಸಿಗಾಳಿ ಹೊರಹೋಗುವ ಗವಾಕ್ಷಿಗಳು, ಸೂಕ್ಷ್ಮಾಣುಗಳನ್ನು ಕೊಲ್ಲುವ ನೇರಳಾತೀತ ದೀಪಗಳು. ಹೊಲದಲ್ಲಿ ಅಡ್ಡಿಯೆಂದು ರೈತರು ಎತ್ತಿ ಬಿಸಾಡುತ್ತಿದ್ದ ಜ್ವಾಲಾಮುಖಿಯ ಕಪ್ಪು ಕಲ್ಲನ್ನೇ ಊರಿನ ಮೇಸ್ತ್ರಿಗಳು ಸಂದು ಕಾಣದಂತೆ ಕೂರಿಸಿ ಗೋಡೆ ಕಟ್ಟಿದರು. ಅಷ್ಟು ನಾಜೂಕು ಕೈಗೆ ಬಂದ ಮೇಲೆ ಆ ಮೇಸ್ತ್ರಿಗಳಿಗೆ ಬೇರೆ ಕಡೆಯೂ ಬೇಡಿಕೆ ಬಂತು.

ಇಲ್ಲಿ ಆಕ್ಷೇಪಗಳು ಏಳುತ್ತವೆ, ಏಳಲೇಬೇಕು. ತೆರೆದ ಕಿಟಕಿಯಿಂದ ಸೊಳ್ಳೆ ಬರುತ್ತದೆ, ಡೆಂಗಿಯ ಕಾಲದಲ್ಲಿ ಅದು ಸಣ್ಣ ಮಾತಲ್ಲ. ದೂಳು, ಪಾರಿವಾಳ, ಮಳೆಯ ಎರಚಲು, ಚಳಿಗಾಲದ ಇಬ್ಬನಿ ಎಲ್ಲವೂ ಒಳಗೆ ಬರುತ್ತವೆ. ರಾತ್ರಿ ಯಾರೋ ಎದ್ದು ಕಿಟಕಿ ಮುಚ್ಚಿದರೆ ಲೀಮಾದ 28 ಎಂಬ ಅಂಕಿ ಒಂದೂವರೆಯ ಆಸುಪಾಸಿಗೆ ಕುಸಿಯುತ್ತದೆ ಎಂದು ಅದೇ ಅಧ್ಯಯನ ಹೇಳಿದೆ. ಆಪರೇಷನ್ ಥಿಯೇಟರಿಗೆ, ತೀವ್ರ ನಿಗಾ ಘಟಕಕ್ಕೆ, ಕ್ಷಯದ ಕಫ ಬೆಳೆಸಿ ನೋಡುವ ಪ್ರಯೋಗಾಲಯಕ್ಕೆ ಸೋಸಿದ ಗಾಳಿ, ಹಿಡಿತದ ಒತ್ತಡ ಬೇಕೇ ಬೇಕು. ಅಲ್ಲಿ ಯಂತ್ರವಿಲ್ಲದೆ ಆಗದು. ಆದರೆ ಆಸ್ಪತ್ರೆಯ ನೆಲದಲ್ಲಿ ಇವುಗಳ ಪಾಲು ಚಿಕ್ಕದು. ಉಳಿದ ವಾರ್ಡು, ಒಪಿಡಿ, ಕಾಯುವ ಹಜಾರಗಳಿಗೆ ಜಾಲರಿ ಹಾಕಿದ ದೊಡ್ಡ ಕಿಟಕಿ, ಮುಚ್ಚಲಾಗದ ಮೇಲುಗವಾಕ್ಷಿ, ಆಳವಾದ ವರಾಂಡ ಸಾಕು. ಮೈಸೂರಿನಲ್ಲಿ ನಾರಾಯಣ ಸಂಸ್ಥೆ ಕಳೆದ ದಶಕದಲ್ಲಿ ಕಡಿಮೆ ಖರ್ಚಿನ ಆಸ್ಪತ್ರೆ ಕಟ್ಟಿದಾಗ ಎ.ಸಿ.ಯನ್ನು ಥಿಯೇಟರು ಮತ್ತು ಐಸಿಯುಗಳಿಗೆ ಸೀಮಿತಗೊಳಿಸಿದ್ದು ಇದೇ ವಿವೇಕದಿಂದ. ಸಿಂಗಪುರದಂಥ ಸಿರಿವಂತ, ಸೆಕೆಯ ಊರಿನಲ್ಲೇ 2010ರಲ್ಲಿ ತೆರೆದ ಖೂ ಟೆಕ್ ಪುವಾತ್ ಆಸ್ಪತ್ರೆ ತನ್ನ ಸಾಮಾನ್ಯ ವಾರ್ಡುಗಳನ್ನು ಸಹಜ ಗಾಳಿಗೆ ತೆರೆದಿಟ್ಟಿದೆ, ಮಹಡಿ ಮಹಡಿಗೂ ಗಿಡ ಬೆಳೆಸಿದೆ.

ಹಾಗಿರುವಾಗ ಸುಡುವ ಬಿಸಿಲಿನ ನಾಡಿನಲ್ಲಿ ಗಾಜು ಹೊದ್ದ ಆಸ್ಪತ್ರೆ ಏಕೆ? ಕರೆಂಟು ಹೋದರೆ ಅದು ಬೇಯುತ್ತದೆ. ಬೆಂಕಿ ಬಿದ್ದರೆ ಆಗುವುದು ಇನ್ನೂ ಘೋರ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ವಾಹನ ನಿಲ್ಲಿಸಲು ಇದ್ದ ಜಾಗದಲ್ಲಿ ಉರಿಯುವ ಸಾಮಾನು ತುಂಬಿತ್ತು. ಜ್ವಾಲೆ ಮೇಲೆ ಏರಲಿಲ್ಲ, ಹೊಗೆ ಏರಿತು. ಮುಚ್ಚಿದ ಗಾಜಿನ ಕಟ್ಟಡದಲ್ಲಿ ಅದಕ್ಕೆ ಹೊರಹೋಗುವ ದಾರಿಯಿರಲಿಲ್ಲ. ರಕ್ಷಣೆಗೆ ಬಂದವರು ಹೊರಗಿನಿಂದ ಗಾಜು ಒಡೆಯಬೇಕಾಯಿತು. 90ಕ್ಕೂ ಹೆಚ್ಚು ಜನ, ಬಹುಪಾಲು ಹಾಸಿಗೆಯಿಂದ ಏಳಲಾಗದ ರೋಗಿಗಳು, ಉಸಿರುಗಟ್ಟಿ ಸತ್ತರು. 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರಾದಲ್ಲಿ, 2024ರ ನವೆಂಬರ್‌ನಲ್ಲಿ ಝಾನ್ಸಿಯಲ್ಲಿ ನವಜಾತ ಶಿಶುಗಳ ಘಟಕಗಳಿಗೆ ಬೆಂಕಿ ಬಿದ್ದು ಹಸುಗೂಸುಗಳು ಸತ್ತವು. ಪ್ರತಿ ಸಲ ತನಿಖೆಯ ಮಾತು ವೈರಿಂಗು, ಅಗ್ನಿಶಾಮಕ ಪರವಾನಗಿಗಳ ಸುತ್ತ ಸುತ್ತುತ್ತದೆ. ಅದು ಬೇಕು. ಆದರೆ ಶಿಶುಗಳ ಘಟಕವನ್ನು ಎಲ್ಲಿ ಇಡಬೇಕು, ಅದಕ್ಕೆ ನೇರ ಹೊರಬಾಗಿಲು ಎಷ್ಟಿರಬೇಕು, ಹೊಗೆ ಯಾವ ದಾರಿಯಲ್ಲಿ ಹೋಗಬೇಕು ಎಂಬುದು ನಕ್ಷೆ ಬರೆಯುವ ದಿನವೇ ತೀರ್ಮಾನವಾಗುವ ಸಂಗತಿ.

ಇನ್ನು ಹಾಸಿಗೆಯ ಪಕ್ಕ ಕೂತವರ ಮಾತು.

ರಾತ್ರಿ ಹತ್ತರ ನಂತರ ಯಾವುದೇ ಸರ್ಕಾರಿ ಆಸ್ಪತ್ರೆಯ ವಾರ್ಡಿಗೆ ಹೋದರೂ ಮಂಚದ ಕೆಳಗೆ ಇನ್ನೊಂದು ವಾರ್ಡು ಕಾಣುತ್ತದೆ. ಪ್ಲಾಸ್ಟಿಕ್ ಚಾಪೆ, ತಲೆದಿಂಬಾದ ಬಟ್ಟೆಯ ಚೀಲ, ಸ್ಟೀಲಿನ ಕ್ಯಾರಿಯರ್, ಫ್ಲಾಸ್ಕು, ಎಕ್ಸ್‌ರೇ ತುಂಬಿದ ದೊಡ್ಡ ಕವರು. ಡ್ರಿಪ್ ಮುಗಿಯಿತೇ ಎಂದು ಅರೆನಿದ್ದೆಯಲ್ಲೇ ತಲೆಯೆತ್ತಿ ಬಾಟಲಿ ನೋಡುವ ಹೆಂಡತಿ, ಮೂತ್ರದ ಪಾತ್ರೆ ಎತ್ತಿಕೊಂಡು ಶೌಚಾಲಯ ಹುಡುಕುವ ಮಗ, ವರಾಂಡದ ಗ್ರಿಲ್ಲಿಗೆ ಒಗೆದ ಲಂಗ, ಟವೆಲು ಹರವುವ ಅಜ್ಜಿ. ಹಗಲಾದರೆ ಇದೇ ಜನ ಚೀಟಿ ಮಾಡಿಸುತ್ತಾರೆ, ರಕ್ತದ ಮಾದರಿ ಹೊತ್ತು ಲ್ಯಾಬಿಗೆ ಓಡುತ್ತಾರೆ, ಸ್ಟ್ರೆಚರ್ ತಳ್ಳುತ್ತಾರೆ, ಔಷಧಿಯ ಸಾಲಿನಲ್ಲಿ ನಿಲ್ಲುತ್ತಾರೆ, ಗಂಜಿ ಕಾಯಿಸಿ ತಂದು ಉಣಿಸುತ್ತಾರೆ. ದಾದಿಯರ ಕೊರತೆಯಿರುವ ಆಸ್ಪತ್ರೆಗಳನ್ನು ಸಂಬಳವಿಲ್ಲದೆ ಹೊತ್ತು ನಿಂತಿರುವವರು ಇವರು. ಆದರೂ ನಕ್ಷೆಯಲ್ಲಿ ಇವರಿಗೆ ಒಂದು ಕುರ್ಚಿಯ ಜಾಗವೂ ಇರುವುದಿಲ್ಲ. ಕಾವಲುಗಾರರು ಬಂದಾಗಲೆಲ್ಲ ಇವರು ಎದ್ದು ಹೊರಗೆ ಹೋಗಬೇಕು.

ರೋಗಿಯ ಕಡೆಯವರನ್ನು ಜೊತೆಗೇ ಸೇರಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ಭಾರತದ ವೈದ್ಯರೇ ತೋರಿಸಿದ್ದಾರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಮನೆಯವರನ್ನು ಜೊತೆಗಿರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮನೆಯವರು ರೋಗಿಯೊಡನೆ ತಂಗುವ ಪದ್ಧತಿ ಚಿಕಿತ್ಸೆಯ ಭಾಗವಾಗಿ ಬೇರೂರಿತು. ರೋಗಿಯ ಮನೆಯವರಿಗೆ ಆರೈಕೆಯ ತರಬೇತಿ ಕೊಡುವ ನೂರಾ ಹೆಲ್ತ್ ಸಂಸ್ಥೆ ಶುರುವಾದದ್ದು ಬೆಂಗಳೂರಿನ ನಾರಾಯಣ ಆಸ್ಪತ್ರೆಯಲ್ಲಿ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಆವರಣದಲ್ಲಿ ದೂರದೂರಿನವರಿಗೆ ಧರ್ಮಶಾಲೆಯಿದೆ. ಅಂದರೆ ವೈದ್ಯಕೀಯ ಮನೆಯವರನ್ನು ಒಪ್ಪಿಕೊಂಡಿದೆ, ಧರ್ಮಬುದ್ಧಿಯೂ ಒಪ್ಪಿಕೊಂಡಿದೆ. ಇನ್ನೂ ಒಪ್ಪಿಕೊಳ್ಳದಿರುವುದು ಕಟ್ಟಡ. ಪ್ರತಿ ಹಾಸಿಗೆಯ ಪಕ್ಕ ಕಿಟಕಿಯ ಕೆಳಗೆ ಒಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದದ ಕಲ್ಲಿನ ಕಟ್ಟೆ, ಅದರಡಿ ಬೀಗ ಹಾಕುವ ಪೆಟ್ಟಿಗೆ, ಮೊಬೈಲಿಗೊಂದು ಪ್ಲಗ್ಗು, ವಾರ್ಡಿಗೊಂದು ಹಾಲು ಕಾಯಿಸುವ ಮೂಲೆ, ಬಟ್ಟೆ ಒಗೆಯುವ ಕಲ್ಲು, ಒಣಗಿಸುವ ತಂತಿ, ಜೊತೆಯವರಿಗೇ ಬೇರೆ ಶೌಚಾಲಯ. ಅಕ್ಷರ ಬಾರದವರಿಗೂ ದಾರಿ ತಿಳಿಯುವಂತೆ ನೆಲದ ಮೇಲೆ ಬಣ್ಣದ ಗೆರೆ. ಇದಕ್ಕೆ ಬೇಕಾದ ಹಣ ಪೋರ್ಟಿಕೊದ ಗಾಜು ಮತ್ತು ಹೊಳೆಯುವ ಹಾಳೆಗಳ ಖರ್ಚಿನ ಮುಂದೆ ದೊಡ್ಡದಲ್ಲ.

ಒಂದೇ ಮಾದರಿ ನಕ್ಷೆಯನ್ನು ಎಲ್ಲ ಜಿಲ್ಲೆಗೂ ಕಳಿಸುವ ರೂಢಿಯೂ ಬದಲಾಗಬೇಕು. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅಲ್ಲಿಗೆ ದಪ್ಪ ಗೋಡೆ, ಚಿಕ್ಕ ಪಡುವಣ ಕಿಟಕಿ, ನೆರಳಿನ ಒಳಅಂಗಳ ಬೇಕು. ಮಡಿಕೇರಿ, ಕಾರವಾರಗಳಲ್ಲಿ ಜೂನ್ ಬಂದರೆ ಮಳೆ ಅಡ್ಡಡ್ಡ ಹೊಡೆಯುತ್ತದೆ; ಅಲ್ಲಿಗೆ ಇಳಿಜಾರು ಸೂರು, ಎರಚಲು ತಡೆಯುವ ಆಳವಾದ ಜಗಲಿ ಬೇಕು. ಕರಾವಳಿಗೆ ಮುರಕಲ್ಲು, ಕಲಬುರಗಿಗೆ ಶಹಾಬಾದ್ ಕಲ್ಲು, ಬೆಂಗಳೂರಿನ ಸುತ್ತ ಸಾದರಹಳ್ಳಿಯ ಕಲ್ಲು ಕೈಗೆಟಕುವಷ್ಟು ಹತ್ತಿರದಲ್ಲಿವೆ. ಅವನ್ನು ಕಡೆಯಬಲ್ಲ ಕೈಗಳೂ ಇವೆ. ಬುಟಾರೊದಲ್ಲಿ ಆದದ್ದು ಇಲ್ಲಿ ಆಗದಿರಲು ಯಾವ ಕಾರಣವೂ ಇಲ್ಲ.

ಆಸ್ಪತ್ರೆ ಇನ್ನೊಂದು ಪಾಠವನ್ನು ಸಂಶೋಧನಾಲಯಗಳಿಂದ ಕಲಿಯಬಹುದು. ಪೋಲಿಯೊ ಲಸಿಕೆ ಕಂಡುಹಿಡಿದ ಜೋನಾಸ್ ಸಾಲ್ಕ್ ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿ ಸಂಸ್ಥೆ ಕಟ್ಟಲು ಕರೆದದ್ದು ಲೂಯಿ ಕಾನ್ ಅವರನ್ನು. ಭಾರತೀಯರಿಗೆ ಅವರು ಅಹಮದಾಬಾದಿನ ಐಐಎಂ ಕಟ್ಟಿದವರೆಂದು ಪರಿಚಿತರು. 1965ರ ಹೊತ್ತಿಗೆ ಮುಗಿದ ಸಾಲ್ಕ್ ಇನ್‌ಸ್ಟಿಟ್ಯೂಟಿನಲ್ಲಿ ಪ್ರತಿ ಪ್ರಯೋಗಾಲಯದ ಮೇಲೆ ಆಳೆತ್ತರದ ಇನ್ನೊಂದು ಮಹಡಿಯೇ ಇದೆ. ನೀರು, ಅನಿಲ, ಗಾಳಿ, ವಿದ್ಯುತ್ತಿನ ಕೊಳವೆಗಳೆಲ್ಲ ಅಲ್ಲಿ. ಕೆಳಗಿನ ಪ್ರಯೋಗಾಲಯದಲ್ಲಿ ಒಂದೂ ಕಂಬವಿಲ್ಲ. ಹೊಸ ಯಂತ್ರ ಬಂದರೆ ಕೆಲಸ ನಿಲ್ಲಿಸದೆ ಮೇಲಿನಿಂದ ಕೊಳವೆ ಇಳಿಸಬಹುದು. ಆರು ದಶಕಗಳಲ್ಲಿ ಜೀವವಿಜ್ಞಾನ ಗುರುತು ಸಿಗದಷ್ಟು ಬದಲಾಗಿದ್ದರೂ ಆ ಕಟ್ಟಡ ಹಳತಾಗಲಿಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಆಸ್ಪತ್ರೆ 1972ರಲ್ಲೇ ಈ ಉಪಾಯವನ್ನು ಆಸ್ಪತ್ರೆಗೆ ಅಳವಡಿಸಿಕೊಂಡಿತು. ಅಷ್ಟು ದೊಡ್ಡ ಮಹಡಿ ಕಟ್ಟುವುದು ಇಲ್ಲಿ ದುಬಾರಿಯಾಗಬಹುದು. ಆದರೆ ಕೋವಿಡ್ ಬಂದಾಗ ವಾರ್ಡು ವಾರ್ಡಿಗೂ ಆಮ್ಲಜನಕದ ಕೊಳವೆ ಎಳೆಯಲು ಗೋಡೆ ಕೊರೆದು ಪಟ್ಟ ಪಾಡು ನೆನೆದರೆ, ಕೊಳವೆಗಳಿಗೆ ಕೈ ಹೋಗುವಂಥ ಒಂದು ನಾಳವನ್ನಾದರೂ ಬಿಡಬೇಕೆಂಬುದು ಅತಿಯಾಸೆಯೆನಿಸದು.

ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ರೂಪಿಸಿದ ಚಾರ್ಲ್ಸ್ ಕೊರಿಯಾ, ಮುಂದೆ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಶಾಂಪಾಲಿಮೋ ಕೇಂದ್ರವನ್ನು ಕಟ್ಟಿದರು. 2010ರಲ್ಲಿ ತೆರೆದ ಅದು ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನೆ ಎರಡಕ್ಕೂ ಒಂದೇ ಸೂರು. ಅಲ್ಲಿ ಕೀಮೋಥೆರಪಿಯ ನಂಜು ಮೈಗೆ ಇಳಿಯುವ ಹೊತ್ತಿನಲ್ಲಿ ರೋಗಿಯ ಕಣ್ಣ ಮುಂದೆ ಹಸಿರು ತೋಟವಿರುತ್ತದೆ. ನದಿಯ ಕಡೆಯ ಅಂಗಳ ಊರಿನ ಜನರಿಗೆಲ್ಲ ತೆರೆದಿದೆ. ತೊಟ್ಟಿ, ಅಂಗಳ, ಆಕಾಶಕ್ಕೆ ತೆರೆದ ಜಾಗಗಳ ಬಗ್ಗೆ ಕೊರಿಯಾ ಭಾರತದ ಬಿಸಿಲಿನಲ್ಲಿ ಕಲಿತದ್ದು ಯುರೋಪಿನ ರೋಗಿಗಳಿಗೆ ಒದಗಿತು. ಅದೇ ಅರಿವು ಇಲ್ಲಿನ ಜಿಲ್ಲಾಸ್ಪತ್ರೆಗೆ ಒದಗದಿರುವುದು ನೋವಿನ ಸಂಗತಿ.

ಇದೆಲ್ಲ ಆಗಬೇಕಾದರೆ ಎಲ್ಲಿಂದ ಶುರು ಮಾಡಬೇಕು? ರೋಗಿಯ ಜಾಗದಲ್ಲಿ ಕೂತು ನೋಡುವುದರಿಂದ. ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಮೈಕೆಲ್ ಗ್ರೇವ್ಸ್ 2003ರಲ್ಲಿ ಸೋಂಕಿನಿಂದ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಆಸ್ಪತ್ರೆಯಲ್ಲಿ ಗಾಲಿಕುರ್ಚಿ ತಳ್ಳಿಕೊಂಡು ಗಡ್ಡ ಹೆರೆದುಕೊಳ್ಳಲು ಹೋದಾಗ ಕನ್ನಡಿ ಎಟುಕದಷ್ಟು ಮೇಲಿತ್ತು, ನಲ್ಲಿ ಕೈಗೆ ಸಿಗಲಿಲ್ಲ, ಪ್ಲಗ್ಗು ಬಗ್ಗಲಾಗದಷ್ಟು ಕೆಳಗಿತ್ತು. ಆಮೇಲೆ 2015ರಲ್ಲಿ ತೀರಿಕೊಳ್ಳುವವರೆಗೂ ಅವರು ಆಸ್ಪತ್ರೆಯ ಮಂಚ, ಮೇಜು, ಗಾಲಿಕುರ್ಚಿಗಳನ್ನು ಸುಧಾರಿಸುವುದರಲ್ಲಿ ತೊಡಗಿದ್ದರು. ಅವರ ಊರಾದ ಪ್ರಿನ್ಸ್‌ಟನ್ ಬಳಿ 2012ರಲ್ಲಿ ತೆರೆದ ಹೊಸ ಆಸ್ಪತ್ರೆಗಾಗಿ, ಕಟ್ಟುವ ಮುಂಚೆಯೇ ಒಂದು ಮಾದರಿ ಕೋಣೆ ಮಾಡಿ, ಅದರಲ್ಲಿ ನಿಜವಾದ ರೋಗಿಗಳನ್ನು ಮಲಗಿಸಿ, ದಾದಿಯರಿಂದ ಕೆಲಸ ಮಾಡಿಸಿ, ಅವರು ಹೇಳಿದ್ದನ್ನು ಕೇಳಿ ನಕ್ಷೆ ತಿದ್ದಲಾಯಿತು.

ಲೋಕೋಪಯೋಗಿ ಇಲಾಖೆಗೂ ಆರೋಗ್ಯ ಇಲಾಖೆಗೂ ಇದು ಅಸಾಧ್ಯದ ಕೆಲಸವಲ್ಲ. ಮುಂದಿನ ಜಿಲ್ಲಾಸ್ಪತ್ರೆಯ ಟೆಂಡರು ಕರೆಯುವ ಮುಂಚೆ ಹಳೇ ಆಸ್ಪತ್ರೆಯ ಆವರಣದಲ್ಲೇ ಆರು ಹಾಸಿಗೆಯ ಒಂದು ಮಾದರಿ ವಾರ್ಡು ಕಟ್ಟಲಿ. ಒಂದು ಮಳೆಗಾಲ, ಒಂದು ಬೇಸಿಗೆ ಅದನ್ನು ಬಳಸಲಿ. ನಕ್ಷೆ ಒಪ್ಪುವ ಸಮಿತಿಯಲ್ಲಿ ಎಂಜಿನಿಯರು, ವೈದ್ಯರ ಜೊತೆ ವಾರ್ಡಿನ ಹಿರಿಯ ದಾದಿ, ಸ್ವಚ್ಛತಾ ಸಿಬ್ಬಂದಿ, ಆಶಾ ಕಾರ್ಯಕರ್ತೆಗೂ ಕುರ್ಚಿಯಿರಲಿ. ಗುತ್ತಿಗೆದಾರರಿಗೆ ಕೊನೆಯ ಬಿಲ್ಲು ಪಾವತಿಸುವ ಮುನ್ನ ಪ್ರತಿ ವಾರ್ಡಿನಲ್ಲಿ, ಒಪಿಡಿಯ ಕಾಯುವ ಹಜಾರದಲ್ಲಿ, ಜನ ತುಂಬಿದ ಹೊತ್ತಿನಲ್ಲೇ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ ಎಂದು ಅಳೆಯಲಿ. ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ಆ ಅಂಕಿಯನ್ನು ವಾರ್ಡಿನ ಬಾಗಿಲಲ್ಲೇ ಬರೆಸಿ, ಒಂದು ಪ್ರತಿಯನ್ನು ಪಕ್ಕದ ಜಿಲ್ಲೆಯಲ್ಲಿ ನಕ್ಷೆ ಬರೆಯಲು ಕೂತವರ ಮೇಜಿಗೆ ಕಳಿಸಲಿ.